ರಬಾಳೆಯ ಪತ್ರೊಡೆ

ಕೋಪರಿ, ಥಾಣೆ (ಪೂರ್ವ)
೧೮ ಜುಲೈ ೨೦೧೩, ಗುರುವಾರ

ಪ್ರೀತಿಯ ತಂಗಿ ಶರ್ಮಿಳಾಳಿಗೆ,

ಅಕ್ಕನ ಆಶೀರ್ವಾದ. ಮಂಡಿನೋವು ಬಿಟ್ಟರೆ ನಾನು ಕ್ಷೇಮ. ನೀನು ಬಹರೈನಿನಿಂದ ಫೋನು ಮಾಡಿ ನನ್ನ ಉತ್ತರ ಕೇಳಿ ತಿಂಗಳ ಮೇಲಾಯಿತು. "ಆಮೇಲೆ ಹೇಳುತ್ತೇನೆ" ಎಂದ ನಾನು ಹೇಳಲೇ ಇಲ್ಲ. ಬೇಸರಿಸಬೇಡ. ಫೋನಿನಲ್ಲಿ ನಾನು ಹಲೋ ಎಂದ ಕೂಡಲೇ ನೀನು ಸ್ಪೀಕರಿಗೆ ಹಾಕುತ್ತೀ. ನಿನ್ನ ಗಂಡ, ದಿಶಾ, ಆ ಹೊತ್ತಿಗೆ ಮನೆಗೆ ಬಂದವರು, ಎಲ್ಲರಿಗೂ ನಾನು ಕೇಳಿಸುತ್ತೇನೆ. ಇದು ಹಾಗೆ ಹೇಳುವ ಮಾತಲ್ಲ. ಆದ್ದರಿಂದ ಕಾಗದ.

ನೀನು ಆ ದಿನ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ಅಲ್ಲಿಯ ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ, ಬಟಾಣಿಗೂ ಪರಾಠಕ್ಕೂ ನಡುವೆ, "ಸುಂದರಿ ಅಮ್ಮನ ಪತ್ರೊಡೆ" ಎಂಬ ಡಬ್ಬಿಯನ್ನು ಕಂಡೆಯಂತೆ. ಮೇಲೆ ನಮ್ಮ ಅಮ್ಮನ ಫೋಟೊ. "ಅಕ್ಕಾ, ಅಮ್ಮ ಐಸಿನ ಒಳಗೆ ನಗ್ತಾ ಇದ್ರು ಮಾರಾಯ್ತಿ! ನಾನು ಗಾಜಿನ ಬಾಗಿಲು ಹಿಡ್ಕೊಂಡು ಅತ್ತೇಬಿಟ್ಟೆ. ಅಂಗಡಿಯ ಹುಡುಗಿ ಓಡಿ ಹೋಗಿ ನೀರು ತಂದ್ಲು." ಮನೆಗೆ ಒಯ್ದು, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ತಿಂದೆಯಂತೆ. "ಅದೇ ರುಚಿ ಅಕ್ಕ. ಚೂರೂ ವ್ಯತ್ಯಾಸ ಇಲ್ಲ. ಅಮ್ಮನದ್ದೇ ಕೈ." ಕೊನೆಗೆ ನೀನು ಗೋಗರೆದೆ: ಉಳಿದ ತಿಂಡಿಗಳನ್ನೂ ಕಲಿಸಿಕೊಡು ಎಂದು ಅಣ್ಣ ಕೇಳುತ್ತಿದ್ದಾನೆ, ಇಲ್ಲ ಎನ್ನಬೇಡ, ಇಲ್ಲದಿದ್ದರೆ ಅಮ್ಮನ ಅಡುಗೆ ನಮ್ಮೊಂದಿಗೇ ಮುಗಿದು ಹೋಗುತ್ತದೆ.

ನಿನ್ನ ಅಣ್ಣ ಮೋಹನದಾಸನೂ ಅದನ್ನೇ ಹೇಳುತ್ತಿದ್ದಾನೆ. ಕೊಟ್ಟೆ ಕಡುಬು, ಅರಿಸಿನ ಎಲೆಯ ಗಟ್ಟಿ, ಹುರುಳಿ ಸಾರು: ಎಲ್ಲದರ ಅಳತೆ ನನಗೆ ಮಾತ್ರ ಗೊತ್ತು. ದೀಪಾವಳಿಗೆ ಮೊದಲು ಗಲ್ಫಿಗೆ ಕಳಿಸಬೇಕಂತೆ. ಈ ಭಾನುವಾರ ಉತ್ತರ ಕೇಳಲು ಮನೆಗೆ ಬರುತ್ತಾನೆ. ಕೊಡುವ ಮೊದಲು ಒಮ್ಮೆ ನೋಡೋಣವೆಂದು ಕಳೆದ ವಾರ ಆಫೀಸಿಗೆ ರಜೆ ಹಾಕಿ ರಬಾಳೆಯ ಅವನ ಫ್ಯಾಕ್ಟರಿಗೆ ಹೋದೆ.

ಸ್ಟೇಷನ್ನಿಗೆ ಅವನ ಮಗ ಲತೀಶ್ ಕಾರು ತಂದಿದ್ದ. ಅವನ ಕನ್ನಡ ನಿನಗೆ ಗೊತ್ತಲ್ಲ. ಪೇಂಟಿನ ಡಬ್ಬಿ ಮಾಡುವ ಶೆಡ್ಡಿಗೂ ಹಳೆಯ ಪ್ಲಾಸ್ಟಿಕ್ ಡ್ರಮ್ಮು ತೊಳೆಯುವ ಶೆಡ್ಡಿಗೂ ನಡುವೆ ಇವರದು. ಗೇಟಿನಲ್ಲೇ ಥಿನ್ನರಿನ ವಾಸನೆ. ತಲೆಗೊಂದು ಪ್ಲಾಸ್ಟಿಕ್ ಟೊಪ್ಪಿ ಹಾಕಿಸಿದರು. ಆ ಟೊಪ್ಪಿಯ ಒಳಗೆ ಬೇರೆ ಯಾರದೋ ಕೂದಲಿತ್ತು.

"ಬಾ ಅಕ್ಕ, ಇದು ಅಮ್ಮನ ಅಡುಗೆಮನೆ ಅಂತಲೇ ತಿಳ್ಕೋ" ಎಂದ ಮೋಹನದಾಸ.

ಮೂಲೆಯಲ್ಲಿ ಗೋಣಿ ತುಂಬ ಕೆಸುವಿನ ಎಲೆ, ಬೆರಳಷ್ಟು ದಪ್ಪದ ನಾರಿನೊಂದಿಗೆ ಹಾಗೆಯೇ. ಗೋಣಿಯ ಅಡಿಯಿಂದ ಕಪ್ಪು ನೀರು ಒಸರುತ್ತಿತ್ತು. ಎಲೆ ಎಲ್ಲಿಯದು ಎಂದು ಅಲ್ಲಿಯ ಮೇಲ್ವಿಚಾರಕ ಮುರಾರಿಯನ್ನು ಕೇಳಿದೆ.

"ಎಕ್ದಂ ಟಾಪ್ ಮಾಲ್, ಆಂಟಿ. ಕಲ್ಯಾಣ್ ಸೈಡಿಂದ ಬರ್ತದೆ."

"ಕಲ್ಯಾಣದಲ್ಲಿ ಎಲ್ಲಿ?"

"ಪಟ್ರಿ ಬಾಜೂ. ಅಲ್ಲಿ ಬಾರಾ ಮಹೀನಾ ನೀರು ಉಂಟಲ್ಲ!"

ಪಟ್ರಿ ಎಂದರೆ ರೈಲು ಹಳಿ; ಅದರ ಬದಿಯಲ್ಲಿ ವರ್ಷವಿಡೀ ನೀರು. ಡೊಂಬಿವಲಿಯಲ್ಲಿದ್ದಷ್ಟು ಕಾಲ ನಾನು ಕಲ್ಯಾಣದ ಆಫೀಸಿಗೆ ಕಿಟಕಿ ಪಕ್ಕ ಕುಳಿತು ಹೋಗಿ ಬಂದವಳು. ಆ ನೀರು ಯಾವ ಗಟಾರದ್ದು, ಬೆಳಗ್ಗೆ ಚೊಂಬು ಹಿಡಿದು ಆ ಮಡಿಗಳ ಬದಿಯಲ್ಲಿ ಯಾರು ಕೂರುತ್ತಾರೆ, ಎಲ್ಲ ನೋಡಿದ್ದೇನೆ. ನನ್ನ ಮುಖ ನೋಡಿ ಲತೀಶ್, "ಅತ್ತೆ, ವಾಶ್ ಆಗ್ತದೆ. ಕ್ಲೋರಿನ್ ವಾಟರ್. ಟೆನ್ಶನ್ ನಕ್ಕೋ" ಎಂದ. ತೊಳೆಯುವ ತೊಟ್ಟಿಯನ್ನೂ ನೋಡಿದೆ. ಅದರ ಮೇಲೆ ಸೋಪಿನ ನೊರೆಯಂಥದ್ದು ತೇಲುತ್ತಿತ್ತು, ಒಂದು ಬೀಡಿ ತುಂಡೂ.

ಹಿಟ್ಟು ನೀಲಿ ಟಬ್ಬಿನಲ್ಲಿತ್ತು. ಬೆರಳದ್ದಿ ನಾಲಿಗೆಗಿಟ್ಟೆ. ಕಡಲೆಹಿಟ್ಟು.

"ಅಕ್ಕಿ ಎಲ್ಲಿ?"

"ಅಕ್ಕಿಹಿಟ್ಟು ಥೋಡಾ ಉಂಟು ಅತ್ತೆ. ಫ್ರೀಜ್ ಮಾಡಿದ್ರೆ ಅಕ್ಕಿ ಕಲ್ಲಾಗ್ತದೆ. ಬೇಸನ್ ಸಾಫ್ಟ್ ಇರ್ತದೆ."

"ಹುಣಸೆಹುಳಿ?"

ಮುರಾರಿ ಬಿಳಿ ಪುಡಿಯ ಡಬ್ಬ ತೋರಿಸಿದ. ಕೆಂಪಿಗೆ ಇನ್ನೊಂದು ಪುಡಿ. ಸಿಹಿಗೆ ಸಕ್ಕರೆ.

ಇಲ್ಲಿಯವರೂ ಇದೇ ಎಲೆಗೆ ಕಡಲೆಹಿಟ್ಟು ಹಚ್ಚಿ ಅಳುವಡಿ ಮಾಡುತ್ತಾರೆ. ನಮ್ಮ ಎದುರು ಮನೆಯವಳು ಮಾಡಿದಾಗಲೆಲ್ಲ ನಾನು ಕೇಳಿ ತಿಂದಿದ್ದೇನೆ, ಅದು ಸೊಗಸಾಗಿರುತ್ತದೆ. ಅವಳು ಅದನ್ನು ಅಳುವಡಿ ಎಂದೇ ಕೊಡುತ್ತಾಳೆ. ರಬಾಳೆಯದು ಅದೂ ಅಲ್ಲ, ನಮ್ಮದೂ ಅಲ್ಲ. ಬೇಯಿಸುವ ಪೆಟ್ಟಿಗೆಯಲ್ಲಿ ಬೆಳಗ್ಗೆ ಬೇರೆ ಯಾರದೋ ಆರ್ಡರಿನ ಮೋಮೋ ಬೇಯುತ್ತದೆ. ಅದರ ಕೋಳಿ, ಕೋಸು, ಬೆಳ್ಳುಳ್ಳಿಯ ಜಿಡ್ಡು ಮುಚ್ಚಳದಿಂದ ಹನಿಯಾಗಿ ಇಳಿದು ಪತ್ರೊಡೆಯ ಮೇಲೆ ಬೀಳುವುದನ್ನು ನಾನೇ ಕಂಡೆ.

ಆಮೇಲೆ ಮೇಜಿನ ಮುಂದೆ ಕೂರಿಸಿ ತಟ್ಟೆಯಲ್ಲಿ ಎರಡು ತುಂಡು ಇಟ್ಟರು. ಬಾಯಲ್ಲಿ ಅದು ಒದ್ದೆ ರಟ್ಟಿನ ಹಾಗೆ ಮೆತ್ತಿಕೊಂಡಿತು. ಮೊದಲು ಸಿಹಿ, ಅನಂತರ ಔಷಧಿಯಂಥ ಹುಳಿ, ಕೊನೆಗೆ ಗಂಟಲಲ್ಲಿ ತುರಿಕೆ. ಮೋಹನದಾಸ ಎದುರು ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದ.

"ಅಮ್ಮ ಹೀಗೇ ಮಾಡ್ತಿದ್ದದ್ದಲ್ವಾ ಅಕ್ಕ?"

"ಹ್ಞಾ" ಎಂದೆ. ಎದ್ದು ಬಚ್ಚಲಿಗೆ ಹೋಗಿ ಎಲ್ಲ ಉಗುಳಿದೆ. ಅಲ್ಲಿಯ ಬೇಸಿನ್ನಿನಲ್ಲೂ ಕೆಸುವಿನ ದಂಟು ಕೊಳೆಯುತ್ತಿತ್ತು.

ಹಿಂತಿರುಗುವಾಗ ಕಾರಿನಲ್ಲಿ ಲತೀಶನಿಗೆ ಒಂದು ಮಾತು ಹೇಳಿದೆ: ಇದರಲ್ಲಿ ನಿಮ್ಮ ಅಜ್ಜಿಯ ರುಚಿ ಇಲ್ಲ. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಅತ್ತೆ, ಗಲ್ಫಿನವರು ಟೇಸ್ಟ್ ಖರೀದಿ ಮಾಡೋದಿಲ್ಲ. ಅಜ್ಜಿಯನ್ನು ಖರೀದಿ ಮಾಡ್ತಾರೆ" ಎಂದ. ಅವನನ್ನು ಬೈಯಲು ನನಗೆ ಆಗಲಿಲ್ಲ. ನೀನು ಗಾಜಿನ ಬಾಗಿಲು ಹಿಡಿದು ಅತ್ತದ್ದನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಡಬ್ಬಿಯ ಹಿಂದೆ ಒಂದು ಕಥೆ ಅಚ್ಚು ಮಾಡಿಸಿದ್ದಾರಲ್ಲ, ಓದಿದೆಯಾ? ಸುಂದರಿ ಅಮ್ಮ ಮುಂಜಾನೆಯ ಮಂಜಿನಲ್ಲಿ ತನ್ನ ತೋಟದ ಎಲೆಗಳನ್ನು ಹಾಡುತ್ತಾ ಕೊಯ್ಯುತ್ತಿದ್ದಳಂತೆ. ಇಂಗ್ಲಿಷಿನಲ್ಲಿ ಬರೆಸಿ ಕನ್ನಡಕ್ಕೆ ಇಳಿಸಿದ್ದು. ಅನುವಾದದ ಕಾದಂಬರಿಗಳಲ್ಲಿ ಊಟದ ಪ್ರಸಂಗ ಬಂದಾಗ ನಾನು ನಿಧಾನವಾಗಿ ಓದುತ್ತೇನೆ. ಅನುವಾದಿಸಿದವರು ಅದನ್ನು ತಿಂದಿದ್ದಾರೋ ಇಲ್ಲವೋ ಅಲ್ಲಿ ತಿಳಿದುಬಿಡುತ್ತದೆ. ಈ ಪುಣ್ಯಾತ್ಮ ಎಲೆಯನ್ನು ಮೂಸಿಯೂ ನೋಡಿಲ್ಲ. ನಮಗೆ ತೋಟ ಎಲ್ಲಿತ್ತು? ಪಡುಬಿದ್ರಿಯ ಬಾಡಿಗೆ ಮನೆಯ ಬಾವಿಕಟ್ಟೆಯ ಹಿಂದೆ ನಾಲ್ಕು ಬುಡ ಕೆಸು ಇತ್ತು, ಅದೂ ಮಾಲಿಕರದ್ದು. ಫೋಟೊದಲ್ಲಿ ಅಮ್ಮನ ತುರುಬಿಗೆ ಮಲ್ಲಿಗೆ ಸೇರಿಸಿದ್ದಾರೆ. ಮಲ್ಲಿಗೆ ಮುಡಿದರೆ ತಲೆನೋವು ಬರುತ್ತದೆ ಎನ್ನುತ್ತಿದ್ದವಳು ಅವಳು.

ಇನ್ನು ಬೇರೆ ಸುದ್ದಿ. ಮಾರ್ಕೆಟ್ಟಿನ ಹಿಂದೆ ಮಂಗಳೂರಿನವರ ಹೊಸ ಅಂಗಡಿ ಬಂದಿದೆ, ಕುಚ್ಚಲಕ್ಕಿಗೆ ಇನ್ನು ಡೊಂಬಿವಲಿಗೆ ಓಡಬೇಕಾಗಿಲ್ಲ. ಅಕ್ಕಿಯಲ್ಲಿ ಹುಳು ಇರುತ್ತದೆ, ಆರಿಸಿ ಬೇಯಿಸುತ್ತೇನೆ. ಮುಂದಿನ ತಿಂಗಳು ನೀವು ಬರುವಾಗ ಹಿಂದಿನ ಕೋಣೆಗೆ ಸುಣ್ಣ ಬಳಿಸಿಡುತ್ತೇನೆ, ಗೋಡೆಗೆ ಬೂಷ್ಟು ಹಿಡಿದಿದೆ. ದಿಶಾ ಇಷ್ಟು ಒಳ್ಳೆಯ ಮಾರ್ಕು ತೆಗೆದದ್ದು ನಿನ್ನಿಂದಲ್ಲ, ನಿನ್ನ ಗಂಡನ ಕಡೆಯಿಂದ ಎಂದು ಅವಳಿಗೆ ಹೇಳು, ನಗುತ್ತಾಳೆ. ದೇವರು ನಿಮ್ಮನ್ನು ಆರೋಗ್ಯದಲ್ಲಿಟ್ಟಿರಲಿ. ಆ ಡಬ್ಬಿ ಇನ್ನೂ ಉಳಿದಿದ್ದರೆ ಮಗುವಿಗೆ ಕೊಡಬೇಡ.

ಇಂತು ನಿನ್ನ ಅಕ್ಕ
ಜಯಲತಾ

ತಾ.ಕ. ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಎಲೆಯನ್ನು ಬೇರೆ ಕಡೆಯಿಂದ ತರಿಸಬಹುದು, ತೊಟ್ಟಿ ತೊಳೆಸಬಹುದು. ನಾನು ಗಟ್ಟಿಯಾಗಿ ಹೇಳಿದರೆ ಮೋಹನದಾಸ ಮಾಡಿಸಿಯಾನು. ನಾನು ಹಿಂಜರಿಯುವುದು ಅದಕ್ಕಲ್ಲ.

ಅಮ್ಮ ಪತ್ರೊಡೆ ಮಾಡುತ್ತಿರಲಿಲ್ಲ ಶರ್ಮಿಳಾ. ನೀನು ತೀರ ಸಣ್ಣವಳು, ನಿನಗೆ ತಿಳಿಯದು. ಅವಳು ಬೆಳಗಿನಿಂದ ದೀಪ ಹಚ್ಚುವವರೆಗೆ ಬೀಡಿ ಕಟ್ಟುತ್ತಿದ್ದಳು. ಹೊಗೆಸೊಪ್ಪಿನ ಕೈ ತಾಗಿದರೆ ಹಿಟ್ಟು ಕಹಿಯಾಗುತ್ತದೆಂದು ಒಲೆಯ ಹತ್ತಿರ ಬರುತ್ತಲೇ ಇರಲಿಲ್ಲ. ನಾರು ತೆಗೆಯುತ್ತಿದ್ದವಳು, ಅರೆಯುತ್ತಿದ್ದವಳು, ಸುತ್ತಿ ಬೇಯಿಸುತ್ತಿದ್ದವಳು ನಾನು. ಬೆರಳ ತುರಿಕೆಗೆ ಶಾಲೆಯಲ್ಲಿ ಪೆನ್ಸಿಲು ಹಿಡಿಯಲಾಗುತ್ತಿರಲಿಲ್ಲ. ಬಂದವರು ತಿಂದು "ಸುಂದರಕ್ಕನ ಕೈ ಅಂದ್ರೆ ಕೈ" ಎನ್ನುತ್ತಿದ್ದರು. ಅಮ್ಮ ಸುಮ್ಮನೆ ನಗುತ್ತಿದ್ದಳು, ನಾನು ಬಡಿಸುತ್ತಿದ್ದೆ. ನನಗೆ ಆಗ ಬೇಸರವಿರಲಿಲ್ಲ. ಬೆನ್ನು ಬಗ್ಗಿಸಿ ದುಡಿಯುವವಳಿಗೆ ಅಷ್ಟಾದರೂ ಸಲ್ಲಲಿ ಎಂದುಕೊಂಡಿದ್ದೆ. ಮೋಹನದಾಸನಿಗೆ ಇದೆಲ್ಲ ಗೊತ್ತು. ಬಾವಿಕಟ್ಟೆಯ ಹಿಂದಿನಿಂದ ಎಲೆ ಕೊಯ್ದು ತಂದು ನನ್ನ ಕೈಗೆ ಕೊಡುತ್ತಿದ್ದವನು ಅವನೇ. ಆದರೂ ಅಲ್ಲಿ ನನ್ನ ಮುಖ ನೋಡಿಕೊಂಡೇ ಹಾಗೆ ಕೇಳಿದ.

ಅದನ್ನೂ ಸಹಿಸಿಯೇನು. ನೀನು ಮದುವೆಯಾಗಿ ಹೋಗುವವರೆಗೆ ನನ್ನ ಕೈಯಿಂದ ತಿಂದವಳು. ನಾನು ಬಚ್ಚಲಿನಲ್ಲಿ ಉಗುಳಿ ಬಂದದ್ದನ್ನು ನೀನು ತಿಂದು, ಅದೇ ರುಚಿ, ಚೂರೂ ವ್ಯತ್ಯಾಸವಿಲ್ಲ ಎಂದೆ. ಆ ಮಾತು ನನಗೆ ಹೇಸಿಗೆಯೆನಿಸಿತು. ನಿನ್ನ ಮೇಲೆ ಹೀಗೆನಿಸಬಹುದೆಂದು ನಾನು ಎಣಿಸಿರಲಿಲ್ಲ.

ಭಾನುವಾರ ಮೋಹನದಾಸ ಬಂದಾಗ ಚಹಾ ಕೊಟ್ಟು, ಕಲಿಸುವುದಿಲ್ಲ ಎಂದು ಹೇಳುತ್ತೇನೆ. ಕಾರಣ ಕೇಳಿದರೆ, ಅಮ್ಮನಿಗೆ ಅಡುಗೆ ಬರುತ್ತಿರಲಿಲ್ಲ, ನಿನಗೆ ಗೊತ್ತಲ್ಲ ಎನ್ನುತ್ತೇನೆ. ಲತೀಶನೂ ಜೊತೆಗೆ ಬಂದಿದ್ದರೆ ಅವನ ಎದುರಿಗೇ.