ತಡೆಯಾಜ್ಞೆ ಫಿಲ್ಟರಿಗೆ, ಹೊಗೆ ನಮಗೆ

ಪೇಟೆಂಟ್ ನ್ಯಾಯಮಂಡಳಿಯ ಅಧ್ಯಕ್ಷರೇ,

ಮಾನ್ಯರೇ, ನಮ್ಮೂರಿನ ಕಸ ಸುಡುವ ಘಟಕದಲ್ಲಿ ಹೊಗೆ ಶುದ್ಧಿ ಮಾಡುವ ಯಂತ್ರವನ್ನು ನೀವು ನಿಲ್ಲಿಸಿದ್ದೀರಿ. ಕಸ ಸುಡುವ ಕುಲುಮೆಯನ್ನು ನಿಲ್ಲಿಸಿಲ್ಲ. ಆ ಯಂತ್ರದ ವಿಧಾನ ತನ್ನದು, ತನ್ನದು ಎಂದು ಎರಡು ಕಂಪನಿಗಳು ಕಿತ್ತಾಡುತ್ತಿವೆ. ಇತ್ಯರ್ಥವಾಗುವ ತನಕ ಯಂತ್ರವನ್ನು ಮುಟ್ಟಕೂಡದೆಂದು ನಿಮ್ಮ ತಡೆಯಾಜ್ಞೆ. ಹೊಗೆ ತನ್ನದೆಂದು ಮಾತ್ರ ಯಾರೂ ದಾವೆ ಹೂಡಿಲ್ಲವಾದ್ದರಿಂದ ಅದು ಆರಾಮವಾಗಿ ಓಡಾಡಿಕೊಂಡಿದೆ, ಹೆಚ್ಚಾಗಿ ನಮ್ಮ ಮನೆಯಲ್ಲೇ.

ನಾನು ಘಟಕದ ಹಿಂದಿನ ಬೀದಿಯವಳು. ಇನ್ನೂ ಕೂರಲು ಕಲಿಯದ ಮಗಳಿದ್ದಾಳೆ. ಉಸಿರೆಳೆದರೆ ಎದೆಯಲ್ಲಿ ಗೊರಗೊರ ಸದ್ದು. ನಿದ್ದೆಯ ಸುದ್ದಿ ನನಗೀಗ ಬೇರೆಯವರು ಹೇಳಿದರಷ್ಟೇ ಗೊತ್ತು. ಆ ಹೊಗೆಯಲ್ಲಿ ಇವಳ ಡೈಪರುಗಳ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಮರೆತಿದ್ದೇನೆ. ಓದದವರಿಗಿಂತ ನಾವು ಅಪಾಯಕಾರಿ. ವಿವಾದದ ಪೇಟೆಂಟನ್ನೇ ಹುಡುಕಿ ಓದಿದೆ. ಸುಣ್ಣದ ಪುಡಿ ಹೊಗೆಯ ಆಮ್ಲವನ್ನು ಹೀರುತ್ತದೆ, ಬಟ್ಟೆಯ ಚೀಲ ಆ ಪುಡಿಯನ್ನು ಹಿಡಿಯುತ್ತದೆ. ಇಷ್ಟೇ ತಾನೇ! ಅಡುಗೆ ಪುಸ್ತಕ ಓದಿದವಳ ಉತ್ಸಾಹದಲ್ಲಿ ದಿಂಬಿನ ಕವರಿಗೆ ಸುಣ್ಣ ಉದುರಿಸಿ ಕಿಟಕಿಗೆ ಕಟ್ಟಿದೆ. ಪೇಟೆಂಟಿನಲ್ಲಿ ಫ್ಯಾನ್ ಬೇಕೆಂದಿತ್ತು, ಅದನ್ನೂ ಹಾಕಿದೆ. ಪುಣ್ಯಕ್ಕೆ ಮಗು ಒಳಕೋಣೆಯಲ್ಲಿತ್ತು. ಅತ್ತೆ ಮಾತ್ರ ಕಿಟಕಿಯ ಎದುರೇ ಇದ್ದರು; ಸುಣ್ಣವೆಲ್ಲ ಹಾರಿ ಅವರ ಮುಖಕ್ಕೆ.

"ಏನೇ ಇದು! ಮನೆಗೆ ಸುಣ್ಣ ಹೊಡೆಸ್ಬೇಕು ಅಂದಿದ್ದೆ ಕಣೇ, ನನಗಲ್ಲ!" ಎಂದರು, ಸೀನುತ್ತ.

"ಮೆಲ್ಲಗೆ ಅಮ್ಮಾ," ಎಂದರು ನಮ್ಮ ಯಜಮಾನರು. "ಆ ಕಂಪನಿಯವರಿಗೆ ಗೊತ್ತಾದ್ರೆ ಇವಳ ಮೇಲೂ ಕೇಸ್ ಹಾಕ್ತಾರೆ."

"ಹಾಕ್ಲಿ ಬಿಡೋ. ಕೋರ್ಟಲ್ಲಾದ್ರೂ ಕೂತು ಒಂಚೂರು ನಿದ್ದೆ ಮಾಡ್ತಾಳೆ."

ಎಲ್ಲರೂ ನಕ್ಕೆವು. ಅಷ್ಟರಲ್ಲಿ ಒಳಗೆ ಮಗು ಕೆಮ್ಮಿತು. ಅತ್ತೆ ಮುಖ ತೊಳೆದು ಬಂದು ಅವಳನ್ನೆತ್ತಿಕೊಂಡು, "ಕಿಟಕಿ ಮುಚ್ಚಿದ್ರೆ ಸೆಖೆ, ತೆಗೆದ್ರೆ ಹೊಗೆ. ಇನ್ನೇನು ಮಾಡ್ಬೇಕೋ ಇವಳು?" ಎಂದು ಮಗನನ್ನು ಕೇಳಿದರು. ಆ ಪ್ರಶ್ನೆಯನ್ನು ಇಲ್ಲಿಗೆ ದಾಟಿಸುತ್ತಿದ್ದೇನೆ. ತಮಗೇನಾದರೂ ಹೊಳೆಯುತ್ತದೆಯೇ?

ಘಟಕದ ಮೇಲ್ವಿಚಾರಕರನ್ನೂ ಕೇಳಿ ನೋಡಿದೆ. "ಯಂತ್ರ ಸರಿಯಾಗೇ ಇದೆ ಮೇಡಂ. ಸ್ವಿಚ್ ಹಾಕಿದ್ರೆ ಆಜ್ಞೆ ಮೀರಿದ ಹಾಗೆ," ಎಂದರು.

"ಹಾಕದಿದ್ರೆ?"

"ಹಾಕದಿದ್ರೆ ಏನಿಲ್ಲ, ಬರೀ ಹೊಗೆ."

ಇಷ್ಟು ಅಚ್ಚುಕಟ್ಟಾಗಿ ಕಾನೂನು ಪಾಲಿಸುವವರನ್ನು ಬೈಯುವುದಾದರೂ ಹೇಗೆ? ಬೈಗುಳಗಳನ್ನೆಲ್ಲ ನುಂಗಿಕೊಂಡು "ಥ್ಯಾಂಕ್ಸ್ ಸಾರ್" ಎಂದು ಹೇಳಿ ಬಂದೆ. ಈ ಶೌರ್ಯಕ್ಕೆ ಪೇಟೆಂಟ್ ಸಿಗುವುದಾದರೆ ದಯಮಾಡಿ ತಿಳಿಸಿ.

ಮಾನ್ಯರೇ, ಆ ವಿಧಾನ ಯಾರದೆಂದು ನಿಧಾನವಾಗಿಯೇ ತೀರ್ಮಾನಿಸಿ. ಅಲ್ಲಿಯವರೆಗೆ ಯಂತ್ರ ನಡೆಯಲಿ. ಗೆದ್ದವರಿಗೆ ಸಲ್ಲಬೇಕಾದ ಪರಿಹಾರ ಆಮೇಲೆ ಸಲ್ಲಲಿ. ಅದು ಸಾಧ್ಯವಿಲ್ಲವೆಂದರೆ ಆಜ್ಞೆಗೆ ಒಂದು ಸಾಲು ಸೇರಿಸಿ: ಕುಲುಮೆಯೂ ಆರಲಿ. ವಿಚಾರಣೆ ಮತ್ತೆ ಮುಂದಕ್ಕೆ ಹೋಗಿದೆಯೆಂದು ಕೇಳಿದೆ. ಉಸಿರನ್ನು ಹಾಗೆ ಮುಂದಕ್ಕೆ ಹಾಕುವುದು ನನ್ನ ಮಗಳಿಗೆ ಬರುವುದಿಲ್ಲ.

ಇಂತಿ,
ವಾದಿಯೂ ಅಲ್ಲದ, ಪ್ರತಿವಾದಿಯೂ ಅಲ್ಲದ,
ಬರೀ ಪಕ್ಕದಲ್ಲಿ ವಾಸವಿರುವ ಒಬ್ಬ ತಾಯಿ