ಅಮ್ಮನ ತುಟಿ ಬರೆಯುವುದು

ಮಾರ್ಚ್ ೧೨, ಗುರುವಾರ

ಪೋಸ್ಟರ್ ಇನ್ನೂ ಮುಗಿದಿಲ್ಲ. "ನಿಮ್ಮೂರಿನ ಸಂಸ್ಕೃತಿ, ಕೈಯಲ್ಲೇ ಮಾಡಿ ತನ್ನಿ" ಅಂದಿದ್ದಾರೆ ಮೇಡಂ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಈ ವಯಸ್ಸಿಗೆ ಎಂ.ಎ. ಸೇರಿದ್ದಕ್ಕೆ ಅಂಟು, ಕತ್ತರಿ ಹಿಡಿದು ಕೂತಿದ್ದೇನೆ. ನಮ್ಮದು ಬಟ್ಟೆ ಮಿಲ್ಲಿನ ಊರು. ಮಿಲ್ಲಿನ ಗೇಟು ಬರೆದು ಬಣ್ಣ ತುಂಬಿದೆ. ಯಾಕೋ ಮನಸ್ಸಿಗೆ ಹಿಡಿಸಲಿಲ್ಲ.

ಸಂಜೆ ಅಮ್ಮ ಮತ್ತು ಚಿಕ್ಕಮ್ಮ ಕೋಣೆಯ ಆ ತುದಿ ಈ ತುದಿಯಲ್ಲಿ ಕೂತು ಮಾತಾಡುತ್ತಿದ್ದರು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಮಗ್ಗಗಳ ಗದ್ದಲದಲ್ಲಿ ದುಡಿದವರು ಇಬ್ಬರೂ; ಗಂಟಲು ಹರಿದುಕೊಳ್ಳುವ ಬದಲು ತುಟಿ ನೋಡಿಯೇ ಮಾತಾಡಲು ಕಲಿತವರು. ಹುಟ್ಟಿದಾಗಿನಿಂದ ಕಂಡದ್ದು, ಆದರೆ ಕಣ್ಣಿಗೆ ಬಿದ್ದದ್ದು ಇವತ್ತೇ.

ಪೋಸ್ಟರಿನಲ್ಲಿದ್ದ ಗೇಟಿನ ಚಿತ್ರದ ಮೇಲೆ ಬಿಳಿ ಹಾಳೆ ಅಂಟಿಸಿದೆ.

"ಹಂಗೇ ಏನಾದ್ರೂ ಹೇಳಮ್ಮ, ಚಿತ್ರ ಬರ್ಕೋತೀನಿ."

ಅಮ್ಮ ತುಟಿಯಲ್ಲೇ ಏನೋ ಹೇಳಿದಳು. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು.

"ಏನಂದ್ಲು ಚಿಕ್ಕಮ್ಮ?"

"ಹಗಲೂ ರಾತ್ರಿ ಕವಿತೆ ಓದ್ತೀಯಲ್ಲ ತಾಯಿ, ಇದನ್ನೂ ಓದ್ಕೋ!"

ಓದಲಾಗಲಿಲ್ಲ.

"ಅವಳಿಗೆಲ್ಲಿಂದ ಬರಬೇಕು? ಮಿಲ್ಲಿನ ಹೊಸ್ತಿಲು ತುಳೀಬಾರ್ದು ಅಂತ ತಾನೇ ಓದಿಸಿದ್ದು," ಅಂದಳು ಅಮ್ಮ, ಈ ಸಲ ದನಿ ತೆಗೆದು. ಹೆಮ್ಮೆಯೋ ಬೇಸರವೋ ತಿಳಿಯಲಿಲ್ಲ.

ತುಟಿಯ ಚಿತ್ರವೇನೋ ಚೆನ್ನಾಗಿ ಬಂದಿದೆ. ನಾಳೆ ತರಗತಿಯಲ್ಲಿ "ಇವರು ಏನು ಹೇಳ್ತಿದಾರೆ?" ಅಂತ ಕೇಳಿಯೇ ಕೇಳುತ್ತಾರೆ. ನಮ್ಮಮ್ಮನ ಮಾತು ನನಗೇ ಬರುವುದಿಲ್ಲ ಅನ್ನಬೇಕು.

ಎಲ್ಲರೂ ಮಲಗಿದ ಮೇಲೆ ಕನ್ನಡಿಯ ಮುಂದೆ ಅವಳ ಹಾಗೇ ತುಟಿ ಆಡಿಸಿ ನೋಡಿದೆ. ಮೊದಲು ತುಟಿ ಕೂಡಿತ್ತು, ಆಮೇಲೆ ಅಗಲವಾಯಿತು. "ಮಗಳೇ" ಅಂದಳೇ? ಹಾಗಿದ್ದರೆ ಚಿಕ್ಕಮ್ಮ ಅಷ್ಟೊಂದು ನಗುವುದಕ್ಕೆ ಅದರಲ್ಲಿ ಏನಿತ್ತು?