ಹೊಟ್ಟೆಗೆ ಹಾಕ್ಕೊಳ್ಳೋದು ಅಂದ್ರೆ

ರೀ,

ಹುಣಸಮಾರನಹಳ್ಳಿಗೆ, ಅಕ್ಕನ ಮನೆಗೆ ಹೋಗ್ತಿದ್ದೀನಿ. ಮುದ್ದೆ ಕಟ್ಟಿಟ್ಟಿದ್ದೀನಿ. ಹುರುಳಿ ಸಾರು ಬಿಸಿ ಮಾಡ್ಕೊಳ್ಳಿ.

ಮಧ್ಯಾಹ್ನ ನಿಮ್ಮ ತಮ್ಮ ಚಿಕ್ಕಹನುಮಯ್ಯ ಊಟಕ್ಕೆ ಬರ್ತಾರೆ. ಕರೆದಿದ್ದು ನಾನೇ. ಬಾಗಿಲು ಹಾಕ್ಬೇಡಿ.

ಅತ್ತೆ ತೀರಿಕೊಂಡಾಗ ಮಣ್ಣಿಗೆ ಬರಲಿಲ್ಲ ಅಂತ ಮೂರು ವರ್ಷದಿಂದ ಅವರ ಜೊತೆ ಮಾತು ಬಿಟ್ಟಿದ್ದೀರಿ. ಅವತ್ತು ಕೋಲಾರದ ಗಣಿಯಲ್ಲಿದ್ದ ಅವರಿಗೆ ತಂತಿ ಕೊಡಿಸು ಅಂತ ನನಗೆ ಹೇಳಿದ್ರಿ. ಗಡಿಬಿಡೀಲಿ ಮರೆತೆ. ಆಮೇಲೆ ನಿಮಗೆ ಹೇಳೋಕೆ ಹೆದರಿದೆ.

ಅವರಿಗೆ ಇದೆಲ್ಲ ಗೊತ್ತು. ಅಣ್ಣನಿಗೆ ನಿಜ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ, "ಬಿಡಿ ಅತ್ತಿಗೆ, ನಾನು ಹೊಟ್ಟೆಗೆ ಹಾಕ್ಕೊಂಡಾಯ್ತು. ಅಣ್ಣನ ಸಿಟ್ಟು ನನ್ನ ಮೇಲೇ ಇರಲಿ" ಅಂತಾರೆ.

ಕ್ಷಮಿಸಿದ್ದೀನಿ ಅಂತ ಯಾರು ಬೇಕಾದ್ರೂ ಬಾಯಲ್ಲಿ ಹೇಳಬಹುದು. ಹೊಟ್ಟೆಗೆ ಹಾಕ್ಕೊಂಡೋರು ಅದನ್ನ ಮತ್ತೆ ಯಾರ ಮುಂದೂ ತೆಗೆಯಲ್ಲ. ಅವರು ಸಾಯೋವರೆಗೂ ಹೇಳಲ್ಲ, ಅದಕ್ಕೇ ನಾನು ಬರೀತಿದ್ದೀನಿ.

ಬೇಡ ಅಂದ್ರೂ ಎರಡನೇ ಮುದ್ದೆ ಇಕ್ಕಿ.

ನನ್ನ ಮೇಲಿನ ಕೋಪ ಇಳಿದಿದ್ರೆ ಸಂಜೆ ಯಲಹಂಕ ಬಸ್ ಸ್ಟ್ಯಾಂಡಿಗೆ ಬನ್ನಿ. ಇಳಿಯದಿದ್ರೂ ಬನ್ನಿ. ಅಕ್ಕ ಒಂದು ಮೂಟೆ ಅವರೆಕಾಯಿ ಕೊಡ್ತಾಳೆ, ಒಬ್ಬಳೇ ಹೊರೋಕಾಗಲ್ಲ.

ಕೆಂಪಮ್ಮ